ತಿರುವಿನಿಂದಲೇ ಹಾರ್ನ್

ಫ್ರಿಜ್ಜಿನ ಗಾಜಿನ ಮೇಲೆ ಟೇಪಿನ ಕಲೆಗಳು ಎಷ್ಟು ಕಾಲದಿಂದ ಇದ್ದವೋ ಏನೋ, ಹಂಝನ ಕಣ್ಣಿಗೆ ಚುಚ್ಚಿದ್ದು ಇವತ್ತೇ. ಬೆಳಿಗ್ಗೆ ಹಾಲಿನ ಗಾಡಿ ಬಂದು ಹೋದದ್ದೇ ಅವನು ಹಳೆಯ ಬ್ಲೇಡೊಂದನ್ನು ಹುಡುಕಿ, ಪ್ಲಾಸ್ಟಿಕ್ ಕ್ರೇಟ್ ಮಗುಚಿ ಹಾಕಿ ಅದರ ಮೇಲೆ ಕೂತು ಗಾಜು ಕೆರೆಯತೊಡಗಿದ್ದ. ಕೆರೆದಷ್ಟೂ ಅಂಟು ಬೇರೆ ಕಡೆ ಜಾರಿ ಕೂರುತ್ತಿತ್ತು. ಹೆಂಡತಿ ಝುಲೈಖಾ ಫಿಲೊಮಿನಾಳನ್ನು ಕರೆದುಕೊಂಡು ಬೆಳಕು ಹರಿಯುತ್ತಲೇ ಟ್ಯಾಕ್ಸಿ ಹತ್ತಿದ್ದಳು. ಇವತ್ತು ಫಿಲೊಮಿನಾಳ ಕೆಲಸದ ಪರವಾನಗಿ ಕಾರ್ಡು ಕೈಗೆ ಸಿಗುತ್ತದೆ ಎಂದು ಆಫೀಸಿನವರು ಹೇಳಿದ್ದರು. ಹಿಂದೆಯೂ ಹೇಳಿದ್ದರು, ಒಮ್ಮೆ ಫೋಟೊ ಸರಿಯಿಲ್ಲ ಎಂದು, ಇನ್ನೊಮ್ಮೆ ಬೆರಳಚ್ಚು ಮೂಡುವುದಿಲ್ಲ ಎಂದು ವಾಪಸು ಕಳಿಸಿದ್ದರು. ಲಾಂಡ್ರಿಯ ಇಸ್ತ್ರಿಯ ಉಗಿಯಲ್ಲಿ ವರ್ಷಗಟ್ಟಲೆ ಬೆಂದ ಬೆರಳಿನಲ್ಲಿ ಅಚ್ಚು ಎಲ್ಲಿಂದ ಮೂಡಬೇಕು. ಕಾಗದವಿಲ್ಲದವರಿಗೆ ಸರ್ಕಾರ ಕೊಟ್ಟ ಕ್ಷಮಾದಾನದ ಅವಧಿ ಮುಗಿಯುತ್ತ ಬಂದಿತ್ತು. ಅಷ್ಟರೊಳಗೆ ಕಾರ್ಡು ಬಂದರೆ ಅವಳು ಎಲ್ಲರ ಹಾಗೆ ಒಬ್ಬಳು ಕೆಲಸದವಳು, ಪಕ್ಕದ ಸನದ್ ಊರಿನ ಕ್ಲಿನಿಕ್ಕೊಂದರಲ್ಲಿ ಕೆಲಸವೂ ಕಾದು ನಿಂತಿತ್ತು. ಬಾರದಿದ್ದರೆ ಮತ್ತೆ ಓಡಿಹೋದವಳು. ಮತ್ತು ಓಡಿಹೋದವಳನ್ನು ಮನೆಯಲ್ಲಿಟ್ಟುಕೊಂಡವನು ಹಂಝ.

ಹೊರಗೆ ಹಾರ್ನ್ ಆಯಿತು. ಬ್ಲೇಡು ಕೆಳಗಿಡುವ ಮೊದಲೇ ಅವನ ಕಾಲು ಎದ್ದಿತ್ತು. ಮಂಡಿ ಕಟಕ್ಕೆಂದಿತು. ಬಿಳಿ ಕಾರು, ಅರ್ಧ ಇಳಿದ ಗಾಜು, ಗಾಜಿನಿಂದ ಹೊರಗೆ ಬಂದ ಎರಡು ಬೆರಳು. ಎರಡು ನೀರು, ಒಂದು ಬ್ರೆಡ್. ಒಳಗೆ ಓಡಿ, ತಂದು, ಕೊಟ್ಟು, ನಕ್ಕು, ತಿರುಗಿ ಬರುವಾಗ ಅವನು ಎಂದಿನಂತೆ ಬ್ಯಾರಿ ಭಾಷೆಯಲ್ಲಿ ಆ ಕಾರಿನ ಟೈರಿಗೆ, ಟ್ಯಾಂಕಿಗೆ, ಅದನ್ನು ಮಾರಿದವನಿಗೆ ಬಯ್ದ. ಈ ಕೊಲ್ಲಿ ದೇಶದಲ್ಲಿ ಕೋಲ್ಡ್ ಸ್ಟೋರೆನ್ನುವ ಸಣ್ಣ ದಿನಸಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದವನು ಇಳಿಯುವುದಿಲ್ಲ. ಹಾರ್ನ್ ಹೊಡೆಯುತ್ತಾನೆ, ಅಂಗಡಿಯವನು ಓಡಿ ಬರಬೇಕು. ಬೇಸಿಗೆಯಲ್ಲಿ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಾಗಲೂ ಓಡಿ ಬರಬೇಕು. ಊರಿನಲ್ಲಿ ಪಕ್ಷಿಕೆರೆಯ ಶಾಲೆಗೆ ಹೋಗುವ ಕಾಲದಲ್ಲಿ ಬಾಪ ಹೇಳುತ್ತಿದ್ದರು, ಯಾರಾದರೂ ಶಿಳ್ಳೆ ಹೊಡೆದು ಕರೆದರೆ ತಿರುಗಿ ನೋಡಬೇಡ, ಹಾಗೆ ಕರೆಯುವುದು ನಾಯಿಯನ್ನು. ಬಾಪ ಈಗ ಇಲ್ಲ. ಇದ್ದು ನೋಡಿದ್ದರೆ ಮಗನ ಕಾಲುಗಳಿಗೆ ಎಂತ ಹೇಳುತ್ತಿದ್ದರೋ. ಬೈಗುಳ ಮುಗಿದ ಮೇಲೆ ಅವನಿಗೆ ನೆನಪಾಯಿತು. ಹಾರ್ನಿಗೆ ಬಯ್ಯಬಾರದೆಂದು ಅವನು ಈಚೆಗೆ ನಿಶ್ಚಯಿಸಿದ್ದ. ಬೆಳಗಿನ ಫಜ್ರ್ ನಮಾಝಿನ ಮೇಲೆ ಕೈ ಎತ್ತಿ ದುವಾ ಮಾಡುವಾಗ, ಝುಲೈಖಾಳ ಆರೋಗ್ಯ, ಊರಿನಲ್ಲಿ ಓದುವ ಮಕ್ಕಳು ಎಲ್ಲ ಮುಗಿದ ಕೊನೆಗೆ ಹಾರ್ನಿಗೂ ಒಂದು ಪಾಲು ಕೊಡುವುದುಂಟು. ಯಾರಿಗಾದರೂ ಹೇಳಿದರೆ ನಗುತ್ತಾರೆ. ಕಾರಿನ ಎಸಿಯ ತಂಪಿಗೆ, ಇಳಿದು ಬರಲಾರದ ಸೊಕ್ಕಿಗೆ, ಎರಡು ಬೆರಳಿನ ಸನ್ನೆಗೆ, ಯಾ ಅಲ್ಲಾಹ್, ನಿನಗೆ ಸ್ತುತಿ.

ಫಿಲೊಮಿನಾ ಬಂದ ದಿನ ಅವನಿಗೆ ಇಂಥ ಬುದ್ಧಿ ಇರಲಿಲ್ಲ. ಚಳಿಗಾಲದ ಬೆಳಗು, ಅಂಗಡಿಯಿರುವ ಟುಬ್ಲಿಯ ಗ್ಯಾರೇಜುಗಳು ಇನ್ನೂ ಶಟರ್ ಎತ್ತಿರಲಿಲ್ಲ. ಅವನು ಬಾಗಿಲು ತೆರೆಯುವಾಗ ಮೆಟ್ಟಿಲಿನ ಹತ್ತಿರ ಒಂದು ಹೆಂಗಸು ನಿಂತಿತ್ತು, ತಲೆಯ ಮೇಲೆ ಹೋಟೆಲಿನ ಬಿಳಿ ಟವೆಲು. ಶುಕ್ರವಾರಗಳಂದು ಬೇರೆ ಹೆಂಗಸರ ಜೊತೆ ಸಾಲಾಗಿ ಬಂದು ಸೋಪು, ತೆಂಗಿನೆಣ್ಣೆ ಕೊಂಡು ಹೋಗುತ್ತಿದ್ದವಳು, ಶಿರ್ವದವಳು ಎಂದು ಒಮ್ಮೆ ಹೇಳಿದ್ದಳು. ನೀರು ಕೇಳಿದಳು. ಕೊಟ್ಟ. ಕುಡಿದು ಹೋಗಲಿಲ್ಲ. ಆಮೇಲೆ ಗೊತ್ತಾಯಿತು, ಲಾಂಡ್ರಿಯ ಹೆಂಗಸರು ಮಲಗುವ ಮನೆಗೆ ರಾತ್ರಿ ಹೊರಗಿನಿಂದ ಬೀಗ. ವಯರು ಸುಟ್ಟು ಒಳಗೆಲ್ಲ ಹೊಗೆ ತುಂಬಿದಾಗ ಬೀಗದ ಕೈ ಇಟ್ಟುಕೊಂಡವನು ಯಾರದೋ ಮನೆಯಲ್ಲಿ ಮದುವೆಯ ಹಿಂದಿನ ದಿನದ ರೋಸಿನ ಊಟದಲ್ಲಿದ್ದ. ಕಿಟಕಿಯ ಸರಳಿಗೆ ಮೂಗು ಒತ್ತಿ ಬದುಕಿದರು. ಅವನು ಬಂದು ತೆರೆದ, ಬೆಳಗಾಗುವ ಮೊದಲು ಮತ್ತೆ ಬೀಗ ಹಾಕಿದ. ಮರುದಿನ ಗಾಡಿಯಿಂದ ಬಟ್ಟೆಯ ಮೂಟೆ ಇಳಿಸುವಾಗ ಫಿಲೊಮಿನಾ ಇಳಿಸಿದ ಮೂಟೆ ಅಲ್ಲೇ ಬಿಟ್ಟು ನಡೆದುಬಿಟ್ಟಳು. ಎಲ್ಲಿಗೆ ಎಂದು ಅವಳಿಗೇ ಗೊತ್ತಿರಲಿಲ್ಲ. ಇದನ್ನೆಲ್ಲ ಕೇಳುವ ಮೊದಲೇ ಹಂಝ ಹೇಳಿದ್ದು, "ನೋಡು ತಂಗಿ, ನನ್ನ ಅಂಗಡಿಯ ಮುಂದೆ ಇದೆಲ್ಲ ಬೇಡ. ಉಂಡ ಮನೆಗೆ ಎರಡು ಬಗೆಯಬಾರದು. ವಾಪಸು ಹೋಗು." ಮೇಲಿನ ಮನೆಯಿಂದ ಮೆಟ್ಟಿಲಿಳಿದು ಬಂದ ಝುಲೈಖಾ ಗಂಡನ ಮುಖ ಸಹ ನೋಡದೆ ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. "ಇವರ ಮಾತು ಕೇಳ್ಬೇಡ. ಇವರಿಗೆ ಬೆಳಿಗ್ಗೆ ಚಹಾ ಆಗುವವರೆಗೆ ಮನುಷ್ಯರು ಕಾಣುವುದಿಲ್ಲ" ಅಂದಳು.

ಚಹಾ ಆದ ಮೇಲೂ ಅವನಿಗೆ ಕಾಣಲಿಲ್ಲ. ಶನಿವಾರ ಕರೆದುಕೊಂಡು ಹೋಗಿ ಬಿಡುತ್ತೇನೆ ಎಂದ. ಶನಿವಾರ ಬಂತು, ಮಂಗಳವಾರ ಬಿಡುತ್ತೇನೆ ಎಂದ. "ನಾವು ಅನ್ನ ತಿನ್ನುವುದು ಈ ದೇಶದ ಕಾನೂನಿನ ಅಡಿಯಲ್ಲಿ, ಗೊತ್ತುಂಟಾ? ಇಟ್ಟುಕೊಂಡವನೂ ಹೊಣೆ ಅಂತ ಪೇಪರಿನಲ್ಲಿ ಬರೆದೇ ಹಾಕ್ತಾರೆ" ಎಂದು ಕೂಗಿದ. ಝುಲೈಖಾ ಮೀನಿಗೆ ಮೆಣಸು ಹಚ್ಚುತ್ತ, "ಹಾಗಾದರೆ ಪೇಪರಿನವರಿಗೇ ಹೇಳಿ, ಬಂದು ಹಿಡಿದುಕೊಂಡು ಹೋಗ್ಲಿ. ನಿಮ್ಮನ್ನು ಪೊಲೀಸ್ ಮಾಡಿದ್ದು ಯಾರು? ಯುನಿಫಾರಂ ಕೊಟ್ಟಿದ್ದಾರಾ?" ಎಂದಳು. ಆ ಮಾತು ಹಂಝನಿಗೆ ನಾಟಿತು. ಯಾಕೆಂದರೆ ಅವನು ಎಷ್ಟೋ ವರ್ಷದಿಂದ ಯುನಿಫಾರಂ ಇಲ್ಲದ ಪೊಲೀಸೇ ಆಗಿದ್ದ. ಪೇಪರಿನಲ್ಲಿ ಬರುತ್ತಿದ್ದ ಆ ಚೌಕದ ಫೋಟೊಗಳು, ಕೆಳಗೆ ಹೆಸರು, ದೇಶ, ಈತ ಕೆಲಸ ಬಿಟ್ಟು ಓಡಿಹೋಗಿದ್ದಾನೆ, ಕಂಡವರು ತಿಳಿಸಿ. ಕಾರಿನಲ್ಲಿ ಬಂದ ಗಿರಾಕಿಗಳು ಅದನ್ನು ಕತ್ತರಿಸಿ ಕೊಟ್ಟು, ನಿನ್ನ ಅಂಗಡಿಗೆ ಹತ್ತು ಜನ ಬರ್ತಾರೆ, ಹಾಕಿಡು ಎನ್ನುತ್ತಿದ್ದರು. ಅವನು ಪಾರ್ಸೆಲ್ ಕಟ್ಟುವ ಟೇಪಿನಿಂದಲೇ ಫ್ರಿಜ್ಜಿನ ಗಾಜಿಗೆ ಅಂಟಿಸುತ್ತಿದ್ದ. ಬಾಂಗ್ಲಾದ ಹುಡುಗರು, ಆಂಧ್ರದ ಹೆಂಗಸರು, ಎಲ್ಲರ ಕಣ್ಣೂ ಫೋಟೊದಲ್ಲಿ ಒಂದೇ ಥರ ಅಗಲ. ಲಬಾನ್ ಮಜ್ಜಿಗೆಯ ಪೊಟ್ಟಣ ತೆಗೆಯಲು ಬಂದವರು ಅವರ ಮುಖವನ್ನು ಸರಿಸಿ ಬಾಗಿಲು ಎಳೆಯುತ್ತಿದ್ದರು. ಹಂಝನಿಗೆ ಅದರಲ್ಲಿ ಯಾವ ವಿಚಾರವೂ ಹುಟ್ಟಿರಲಿಲ್ಲ. ಕಳೆದುಹೋದ ಆಡಿನ ಬಗ್ಗೆ ಮಸೀದಿಯಲ್ಲಿ ಹೇಳುವುದಿಲ್ಲವೇ, ಹಾಗೆ.

"ಹೆಂಗಸರು ಬಂದರಾ ಹಂಝಾ?" ಹೊರಗಿನಿಂದ ಅಬ್ದುಲ್ಲ ಕೇಳಿದರು. ಕಟ್ಟಡದ ಮಾಲೀಕರು, ಇದೇ ನೆಲದವರು, ಎಂಬತ್ತರ ಹತ್ತಿರ. ಬಾಂಬೆಯ ಹಡಗುಗಳ ಕಾಲದಲ್ಲಿ ಕಲಿತ ಹಿಂದಿಯಲ್ಲಿ ಮಾತಾಡುತ್ತಾರೆ. ಬಿಸಿಲು ಏರುವವರೆಗೆ ಅಂಗಡಿಯ ಮುಂದಿನ ಪ್ಲಾಸ್ಟಿಕ್ ಕುರ್ಚಿ ಅವರದು.

"ಇನ್ನೂ ಇಲ್ಲ ಹಾಜಿ. ಈ ಸಲ ಕಣ್ಣಿನದ್ದೂ ಅಚ್ಚು ಕೇಳ್ತಾರೋ ಏನೋ."

"ಕೇಳಲಿ. ಕಣ್ಣು ಚೆನ್ನಾಗಿದೆ ಆ ಹುಡುಗಿಯದು. ನೀನು ಯಾಕೆ ಆ ಗಾಜನ್ನು ಕೊಲ್ಲುತ್ತಾ ಇದ್ದೀ?"

"ಕಲೆ."

"ಎಣ್ಣೆ ಹಚ್ಚು. ಬ್ಲೇಡಿಗೆ ಹೋಗುವುದಲ್ಲ ಅದು."

ಎಣ್ಣೆ ಹಚ್ಚಿದರೆ ಹೋಗುತ್ತದೆ ಎಂದು ಅವನಿಗೂ ಗೊತ್ತಿತ್ತು. ಆದರೆ ಕೈಗೆ ಏನಾದರೂ ಗಟ್ಟಿ ಕೆಲಸ ಬೇಕಿತ್ತು. ಎಲ್ಲ ಕಲೆಗಳಲ್ಲಿ ಕೆಳಗಿನ ಮೂಲೆಯದೊಂದು ಓರೆ. ಅದು ಫಿಲೊಮಿನಾಳ ಫೋಟೊದ್ದು. ಅದನ್ನು ಅಂಟಿಸಿದ ದಿನವೂ ಹೀಗೇ ಹಾರ್ನ್ ಆಗಿತ್ತು, ಲಾಂಡ್ರಿಯ ವ್ಯಾನು. ವ್ಯಾನಿನಲ್ಲಿ ರಾಬರ್ಟ್. ಲಾಂಡ್ರಿಯ ಸೂಪರ್‌ವೈಸರ್, ಕಿನ್ನಿಗೋಳಿಯ ಕ್ರಿಶ್ಚಿಯನ್, ಊರಿನ ಮಾತಿನಲ್ಲಿ ಪೊರ್ಬು, ಅಂದರೆ ಹಂಝನ ಊರಿನಿಂದ ಒಂದು ಬಸ್ಸಿನ ದೂರ. ಬೀಗದ ಕೈ ಇಟ್ಟುಕೊಂಡವನು ಅವನೇ. ಬೇರೆಯವರು ಹಾರ್ನ್ ಹೊಡೆದರೆ ಆಗುವ ಸಂಕಟಕ್ಕೂ ಇವನು ಹೊಡೆದರೆ ಆಗುವುದಕ್ಕೂ ಅಜಗಜಾಂತರ. ಇವನ ತಂದೆ ಸೈಕಲ್ಲಿನ ಹಿಂದೆ ಡಬ್ಬ ಕಟ್ಟಿಕೊಂಡು ಪಾವ್ ಮಾರುತ್ತಿದ್ದವರು, ರಬ್ಬರಿನ ಹಾರ್ನ್ ಒತ್ತುತ್ತ ಪಕ್ಷಿಕೆರೆಯ ಗುಡ್ಡ ಹತ್ತುತ್ತಿದ್ದರು. ಆ ಹಾರ್ನ್ ಕೇಳಿದರೆ ಮಕ್ಕಳೆಲ್ಲ ಓಡುತ್ತಿದ್ದರು, ಹಂಝನೂ ಓಡುತ್ತಿದ್ದ. ಆ ಓಟದಲ್ಲಿ ನಾಚಿಕೆ ಇರಲಿಲ್ಲ, ಹಸಿವಿತ್ತು. ಪಾವ್ ಮಾರಿದವರ ಮಗ ಈಗ ವ್ಯಾನಿನಲ್ಲಿ ಕೂತು ಹಾರ್ನ್ ಒತ್ತಿದರೆ ಅದೇ ಹಂಝ ಐವತ್ತು ದಾಟಿದ ಮಂಡಿ ಎತ್ತಿಕೊಂಡು ಓಡಬೇಕು. ಅವತ್ತು ಕಿಟಕಿಯಿಂದ ಒಂದು ಕಾಗದದ ತುಂಡು ಹೊರಗೆ ಬಂತು.

"ಹಂಝಾಕ, ಇದನ್ನು ಹಾಕಿಡಿ ಮಾರಾಯ್ರೆ. ನಮ್ಮ ಧಣಿ ಅರಬಾಬ್ ಎಲ್ಲ ಅಂಗಡಿಗೆ ಕೊಡ್ಲಿಕ್ಕೆ ಹೇಳಿದ್ದಾರೆ."

"ಯಾರಿದು ಪೊರ್ಬುಗಳೇ?"

"ನಮ್ಮಲ್ಲಿಯ ಒಬ್ಬಳು. ಹೋದಳು." ರಾಬರ್ಟ್ ಎದುರಿನ ಕನ್ನಡಿ ನೋಡುತ್ತಿದ್ದ, ಹಂಝನನ್ನಲ್ಲ. "ಇಟ್ಟುಕೊಂಡವರಿಗೂ ಕೇಸು ಅಂತ ಬರೆದಿದ್ದಾರೆ, ನೋಡಿ. ಎರಡು ಲಬಾನ್ ಕೊಡಿ."

ಹಂಝ ಒಳಗೆ ಬಂದ, ಲಬಾನ್ ತೆಗೆದ, ಓಡಿ ಹೋಗಿ ಕೊಟ್ಟ, ತಿರುಗಿ ಬಂದ. ಅವನ ಕೈ ತಾನಾಗಿಯೇ ಟೇಪಿನ ಕಡೆಗೆ ಹೋಯಿತು. ಕಟ್ ಮಾಡಿ, ಹಲ್ಲಿನಲ್ಲಿ ಕಚ್ಚಿ, ಗಾಜಿಗೆ ಅಂಟಿಸಿ, ಹೆಬ್ಬೆರಳಿನಿಂದ ತೀಡಿದ. ತೀಡುವಾಗ ಬೆರಳ ಕೆಳಗೆ ಒಂದು ಕಿವಿಯೋಲೆ, ಅಗಲ ಕಣ್ಣು. ಅವನು ತಿರುಗಿದ. ಒಳಕೋಣೆಯ ಹೊಸ್ತಿಲಿನಲ್ಲಿ, ಝುಲೈಖಾಳ ಕಪ್ಪು ಬುರ್ಖಾದೊಳಗೆ, ಮಡಿಲಲ್ಲಿ ಬೆಳ್ಳುಳ್ಳಿಯ ತಟ್ಟೆ ಇಟ್ಟುಕೊಂಡು ಫಿಲೊಮಿನಾ ಕೂತಿದ್ದಳು. ತನ್ನ ಮುಖವನ್ನು ನೋಡುತ್ತಿದ್ದಳು. ಹಂಝನ ಬಾಯಲ್ಲಿ ಇನ್ನೂ ಟೇಪಿನ ತುಂಡಿತ್ತು.

"ಓರೆಯಾಗಿದೆ ಕಾಕ" ಎಂದಳು ಅವಳು. "ಸ್ವಲ್ಪ ಸರಿ ಮಾಡಿ ಅಂಟಿಸಿ."

ಅವಳು ತಮಾಷೆಗೆ ಹೇಳಿದಳೋ, ಸಿಟ್ಟಿನಲ್ಲೋ, ಅವನಿಗೆ ಇವತ್ತಿಗೂ ತಿಳಿಯದು. ಎರಡೂ ಅಲ್ಲ ಎಂದು ತೋರುತ್ತದೆ. ಜೀವಮಾನವೆಲ್ಲ ಹೋಟೆಲಿನ ಚಾದರದ ಅಂಚು ಅಂಚಿಗೆ ಕೂಡಿಸಿ ಮಡಿಸಿದವಳಿಗೆ ಓರೆ ಕಂಡರೆ ಆಗುವುದಿಲ್ಲ, ಅಷ್ಟೇ. ಅದನ್ನು ಕೀಳಲು ಅವನು ಕೈ ಎತ್ತಿದ. "ಬೇಡ" ಎಂದಳು. "ತೆಗೆದರೆ ಯಾಕೆ ತೆಗೆದದ್ದು ಅಂತ ಕೇಳ್ತಾರೆ." ಹಾಗಾಗಿ ಅದು ಅಲ್ಲೇ ಉಳಿಯಿತು, ಓರೆಯಾಗಿಯೇ, ಕ್ಷಮಾದಾನ ಬಂದ ಮೇಲೆ ಉಳಿದವುಗಳ ಜೊತೆ ಕೀಳುವವರೆಗೆ. ಅವನು ಆ ದಿನ ಮೂರು ಗಿರಾಕಿಗಳ ಮೇಲೆ ಸುಮ್ಮಸುಮ್ಮನೆ ರೇಗಿದ. ಮಧ್ಯಾಹ್ನ ಅನ್ನ ಕಲಸಿ ಕಲಸಿ ಬಿಟ್ಟ. ಮಂಗಳವಾರದ ಮಾತು ಮತ್ತೆ ಎತ್ತಲಿಲ್ಲ. ಝುಲೈಖಾ ಅದನ್ನು ಗಮನಿಸಿದಳು, ಗಮನಿಸಿದ್ದನ್ನು ಹೇಳಲಿಲ್ಲ, ಅವನ ತಟ್ಟೆಗೆ ಮೀನಿನ ನಡುವಿನ ತುಂಡು ಹಾಕಿದಳು. ಅದಕ್ಕೂ ಅವನು ಋಣಿ. ಅವಳು ಒಂದು ಮಾತು ಆಡಿದ್ದರೂ ಅವನ ಸಿಟ್ಟು ಮತ್ತೆ ದಾರಿ ತಪ್ಪುತ್ತಿತ್ತು.

ಫಿಲೊಮಿನಾಳನ್ನು ಬೀದಿಯವರಿಗೆ ಹಂಝನ ಚಿಕ್ಕಮ್ಮನ ಮಗಳೆಂದು ಹೇಳಿದರು. ಫೋಟೊವೂ ಅಂಗಡಿಯಲ್ಲಿ, ಫೋಟೊದವಳೂ ಅಂಗಡಿಯಲ್ಲಿ. ಗಿರಾಕಿಗಳು ಫೋಟೊ ನೋಡಿ ಲಬಾನ್ ತೆಗೆದು, ಅವಳ ಹತ್ತಿರ ಚೀಲ ಕೇಳಿ ಹೋಗುತ್ತಿದ್ದರು. ಕೆಲಸದವರ ಮುಖವನ್ನು ಯಾರು ನೋಡುತ್ತಾರೆ ಎಂಬುದು ಹಂಝನಿಗೆ ಆಗ ತಿಳಿಯಿತು. ಅವನೂ ಆ ಮೊದಲು ನೋಡಿರಲಿಲ್ಲ. ಕಷ್ಟ ಬಂದದ್ದು ಬೇರೆ ಕಡೆಯಿಂದ. ಊಟಕ್ಕೆ ಮೊದಲು ಅವಳ ಬಲಗೈ ತನ್ನಷ್ಟಕ್ಕೆ ಹಣೆಗೆ ಹೋಗುತ್ತಿತ್ತು. "ಮಗಾ, ಬುರ್ಖಾ ಹಾಕಿಕೊಂಡು ಶಿಲುಬೆ ಗುರುತು ಮಾಡಿದರೆ ನಿನ್ನನ್ನು ಹಿಡಿಯುವುದಲ್ಲ, ಮ್ಯೂಸಿಯಂನಲ್ಲಿ ಇಡ್ತಾರೆ" ಎಂದು ಝುಲೈಖಾ ನಗುತ್ತಿದ್ದಳು. ಇಗರ್ಜಿಗೆ ಹೋಗುವಂತಿರಲಿಲ್ಲ. ಅಲ್ಲಿಗೆ ರಾಬರ್ಟ್ ಬರುತ್ತಾನೆ, ಅರ್ಧ ಕಿನ್ನಿಗೋಳಿಯೇ ಬರುತ್ತದೆ. ಶುಕ್ರವಾರ ಹಂಝ ಜುಮಾ ನಮಾಝಿಗೆ ಹೊರಡುವಾಗ ಅವಳು ಮೇಲಿನ ಮನೆಯ ಕಿಟಕಿಯಲ್ಲಿ ನಿಂತು, "ನನ್ನ ಲೆಕ್ಕದ್ದೂ ಹೇಳಿ ಕಾಕ, ಮೇಲಿರುವವನು ಒಬ್ಬನೇ ಅಲ್ವಾ" ಎನ್ನುತ್ತಿದ್ದಳು. ಇನ್ನೊಂದು ಅಭ್ಯಾಸ ಚಪ್ಪಲಿಯದು. ಶಿರ್ವದ ಮನೆಯಲ್ಲಿ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದವಳಿಗೆ, ಅಂಗಡಿಯಾದರೂ ಚಪ್ಪಲಿ ಹಾಕಿಕೊಂಡು ಒಳಗೆ ಬರುವುದು ಆಗದು. ಬಂದ ಹೊಸತರಲ್ಲಿ ತನ್ನ ನೀಲಿ ರಬ್ಬರ್ ಚಪ್ಪಲಿಯನ್ನು ಮೆಟ್ಟಿಲಿನ ಪಕ್ಕ ಜೋಡಿಯಾಗಿ ಬಿಟ್ಟು ಒಳಗೆ ಬರುತ್ತಿದ್ದಳು, ಕೆಲವು ದಿನದ ಮೇಲೆ ಝುಲೈಖಾಳ ಕಣ್ಣಿಗೆ ಬಿದ್ದು ಅವಳು ಅದನ್ನು ಕಸದ ಡ್ರಮ್ಮಿಗೆ ಎಸೆದು ತನ್ನ ಹಳೆಯ ಜೋಡಿ ಕೊಟ್ಟಳು. ಒಳಗೆ ಎಲ್ಲಿ ಕೂರು ಎಂದರೂ ಫಿಲೊಮಿನಾ ಬಾಗಿಲ ಹತ್ತಿರವೇ ಕೂರುವಳು. ರಾತ್ರಿ ಮಲಗುವಾಗ ಕೋಣೆಯ ಬಾಗಿಲಿಗೆ ಒಂದು ಅಕ್ಕಿಯ ಚೀಲ ಅಡ್ಡ ಇಡುವಳು, ಮುಚ್ಚದ ಹಾಗೆ.

ರಾಬರ್ಟ್ ಮೊದಲಿಗಿಂತ ಹೆಚ್ಚು ಬರತೊಡಗಿದ. ಹಾರ್ನ್ ಕೂಡ ಬದಲಾಯಿತು. ಮೊದಲು ಅಂಗಡಿಯ ಮುಂದೆ ನಿಂತ ಮೇಲೆ ಹೊಡೆಯುತ್ತಿದ್ದವನು ಈಗ ಟೈರ್ ಅಂಗಡಿಯ ಹತ್ತಿರದ ತಿರುವಿನಿಂದಲೇ ಶುರು ಮಾಡುತ್ತಿದ್ದ, ಎಮ್ಮೆ ಅಡ್ಡ ಬಂದ ಬಸ್ಸಿನವನ ಹಾಗೆ. ಹಂಝ ಓಡುತ್ತಲೇ ಗೊಣಗುತ್ತಿದ್ದ. "ನೋಡು ಸೊಕ್ಕು. ನಾನು ರಸ್ತೆಯಲ್ಲೇ ಕೈಕಟ್ಟಿ ನಿಲ್ಲಬೇಕು ಇವನಿಗೆ." ಆದರೆ ಆ ಹಾರ್ನ್ ಕೇಳಿದ ಕೂಡಲೇ ಫಿಲೊಮಿನಾ ಒಳಕೋಣೆಗೆ ಸರಿಯಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ವ್ಯಾನು ನಿಲ್ಲುವಾಗ ಹಂಝ ಆಗಲೇ ಅದರ ಕಿಟಕಿಯ ಹತ್ತಿರ ಇರುತ್ತಿದ್ದ. ರಾಬರ್ಟ್ ಒಮ್ಮೆಯೂ ಇಳಿಯಲಿಲ್ಲ. ಇಳಿದು ನಾಲ್ಕು ಹೆಜ್ಜೆ ಇಟ್ಟಿದ್ದರೆ ಮುಗಿದಿತ್ತು, ಬೆಳ್ಳುಳ್ಳಿಯ ತಟ್ಟೆ, ಬುರ್ಖಾದ ಅಂಚು, ಹಣೆಗೆ ಹೋಗುವ ಕೈ, ಎಲ್ಲ ಕಾಣುತ್ತಿತ್ತು. ಒಂದು ದಿನ ಆ ವ್ಯಾನು ತಿರುಗಿ ಹೋಗುವುದನ್ನು ನೋಡುತ್ತಿದ್ದಾಗ ಹಂಝನಿಗೆ ಹೊಳೆಯಿತು. ಇಷ್ಟು ವರ್ಷ ತನ್ನನ್ನು ನಾಯಿ ಮಾಡಿದ ಆ ಸದ್ದೇ ಈಗ ಬಾಗಿಲು ಕಾಯುತ್ತಿದೆ. ದುವಾದಲ್ಲಿ ಹಾರ್ನಿಗೆ ಪಾಲು ಸಿಕ್ಕಿದ್ದು ಆಮೇಲೆ. ರಾಬರ್ಟನಿಗೆ ಸಿಗಲಿಲ್ಲ.

ಬೀದಿಗೆ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಗೊತ್ತಿತ್ತು. ಕಳೆದ ವರ್ಷ ಹೊಸ ಕಾನೂನು ಬಂದಿತ್ತು, ಅರಬಾಬಿನ ಒಪ್ಪಿಗೆ ಇಲ್ಲದೆಯೂ ಕೆಲಸ ಬದಲಿಸಬಹುದು ಎಂದು. ಅದು ಮೊದಲೇ ತಿಳಿಸಿ ಹೋಗುವವರಿಗೆ, ಓಡಿದವರಿಗೆ ಅಲ್ಲ ಎಂದು ಚಹಾದ ಅಂಗಡಿಯಲ್ಲಿ ವಾದ ನಡೆದಿತ್ತು. ಆದರೂ ಆ ವಾದದಲ್ಲೇ ಏನೋ ಕದಲಿತ್ತು. ಮೊದಲು ಓಡಿದ ಎಂಬ ಮಾತು ಕೇಳಿದರೆ ಕದ್ದ ಎಂಬ ಹಾಗೆ ಕೇಳುತ್ತಿತ್ತು. ಈಗ ಯಾಕೆ ಓಡಿದ ಎಂದು ಕೇಳುವವರು ಹುಟ್ಟಿಕೊಂಡರು. ಇಟ್ಟುಕೊಂಡವರೂ ಹೊಣೆ ಎಂಬ ಸಾಲು ಪೇಪರಿನಲ್ಲಿ ದಪ್ಪವಾದಷ್ಟೂ ಜನರಿಗೆ ಸಿಟ್ಟು ಬಂತು. ಸೀಟಿನ ಬಟ್ಟೆ ಹೊಲಿಯುವ ಪಾಕಿಸ್ತಾನಿ ಮುದುಕ ಹಿಂದೆ ಒಬ್ಬ ಹುಡುಗನನ್ನು ತಾನೇ ಹಿಡಿದು ಕೊಟ್ಟಿದ್ದವನು. ಅವನೇ ಒಂದು ದಿನ, "ನನಗೆ ಸೂಜಿ ಹಿಡಿಯುವ ಕೆಲಸ, ಮನುಷ್ಯರನ್ನು ಹಿಡಿಯುವ ಕೆಲಸ ಅಲ್ಲ" ಎಂದು ತನ್ನ ಕೈಗೆ ಬಂದ ಅಂಥದೇ ಫೋಟೊದ ತುಂಡು ಕಾಗದವನ್ನು ಎಣ್ಣೆ ಒರೆಸಲು ತೆಗೆದುಕೊಂಡ. ಅಬ್ದುಲ್ಲ ಲಬಾನಿಗೆಂದು ಬಂದವರು ಓರೆ ಫೋಟೊವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಕಪ್ಪು ಬುರ್ಖಾವನ್ನು ನೋಡಿದರು.

"ನನ್ನ ತಂದೆಯ ತಾಯಿಯನ್ನು ಸಣ್ಣ ಮಗುವಾಗಿದ್ದಾಗ ಹಡಗಿನಲ್ಲಿ ತಂದು ಮಾರಿದ್ದರು" ಎಂದರು ಅವರು, ಕಟ್ಟಡದ ನೀರಿನ ಟ್ಯಾಂಕಿನ ವಿಷಯ ಹೇಳುವ ಹಾಗೆ. "ದೊಡ್ಡವಳಾದ ಮೇಲೆ ಓಡಿದಳು. ಖರ್ಜೂರದ ತೋಟದವನೊಬ್ಬ ತನ್ನ ಗರಿಯ ಗುಡಿಸಲಲ್ಲಿ ಇಟ್ಟುಕೊಂಡ. ಆಗೆಲ್ಲ ಓಡಿದವರ ಹೆಸರನ್ನು ಸೂಕಿನ ಬಜಾರಿನಲ್ಲಿ ಕೂಗುತ್ತಿದ್ದರು, ಪೇಪರು ಎಲ್ಲಿತ್ತು? ಆಮೇಲೆ ಇಂಗ್ಲಿಷಿನವರ ಆಫೀಸಿನಿಂದ ಕಾಗದ ಸಿಕ್ಕಿತು, ಇವಳನ್ನು ಯಾರೂ ಮುಟ್ಟಬಾರದು ಎಂದು. ಅಜ್ಜಿ ಹೇಳುತ್ತಿದ್ದಳು, ಕಾಗದ ಬರುವ ಮೊದಲು ನಾನು ಕಳ್ಳಿ. ಕಾಗದ ಬಂದ ಮೇಲೆ ನನ್ನನ್ನು ಹುಡುಕಿಕೊಂಡು ಬಂದವನು ಕಳ್ಳ. ನಾನು ಅದೇ ನಾನು." ಲಬಾನಿನ ಮುಚ್ಚಳ ತೆಗೆದು ಅಲ್ಲೇ ಅರ್ಧ ಕುಡಿದರು. "ಆ ತೋಟದವನ ಹೆಸರು ಅಬ್ದುಲ್ಲ. ಅದಕ್ಕೇ ನನಗೂ." ಮೀಸೆಯ ಬಿಳಿ ಒರೆಸಿಕೊಂಡು ಹೊರಗೆ ಹೋಗಿ ಕುರ್ಚಿಯಲ್ಲಿ ಕೂತರು. ಅವತ್ತಿನಿಂದ ಕುರ್ಚಿ ಸ್ವಲ್ಪ ಬಾಗಿಲಿಗೆ ಅಡ್ಡ ಬಂತು.

ಬೀದಿಯ ಆ ಕಡೆಯಲ್ಲಿ ಟ್ಯಾಕ್ಸಿ ನಿಂತಿತು. ಹಂಝ ಕ್ರೇಟಿನಿಂದ ಎದ್ದವನು ಮತ್ತೆ ಕೂತ. ಮುಖ ನೋಡಿದರೆ ಗೊತ್ತಾಗುತ್ತದೆ, ಆದ್ದರಿಂದ ಮುಖ ನೋಡಲು ಹೆದರಿ ಗಾಜನ್ನೇ ಕೆರೆದ. ಮೊದಲು ಝುಲೈಖಾಳ ಏದುಸಿರು ಬಂತು. "ನೀರು ಕೊಡಿ. ಆ ಆಫೀಸಿನಲ್ಲಿ ಕೂತು ಕೂತು ನನ್ನ ಸೊಂಟ ಹೋಯ್ತು. ಎಂತ, ಗಾಜಿನೊಳಗೆ ನುಗ್ಗುತ್ತೀರಾ?" ಅವಳ ಹಿಂದೆ ಫಿಲೊಮಿನಾ. ತಲೆಯ ಮೇಲೆ ಬಟ್ಟೆ ಇರಲಿಲ್ಲ, ಕೂದಲಿಗೆ ಎಣ್ಣೆ ಹಾಕಿ ಜಡೆ ಹೆಣೆದಿದ್ದಳು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟಳು. ಒಳಗೆ ಬಂದು ಅಂಗೈಯಲ್ಲಿ ಹಿಡಿದದ್ದನ್ನು ಕೌಂಟರಿನ ಮೇಲೆ ಇಟ್ಟಳು, ಹಾಗೆ ಇಟ್ಟು ಅಂಚು ನೇರ ಮಾಡಿದಳು. ಸಣ್ಣ ಪ್ಲಾಸ್ಟಿಕ್ ಕಾರ್ಡು. ಅದರಲ್ಲಿಯೂ ಅದೇ ಅಗಲ ಕಣ್ಣಿನ ಮುಖ. ಹಂಝನಿಗೆ ಓದಲು ಕನ್ನಡಕ ಬೇಕಿತ್ತು, ಕನ್ನಡಕ ಹಾಕಿದರೂ ಅಕ್ಷರ ಕಲಸಿಹೋಯಿತು.

"ಬೆರಳು ಮೂಡಿತಾ?"

"ಹೆಬ್ಬೆರಳು ಮೂಡಿತು ಕಾಕ. ಉಳಿದದ್ದು ಬೇಡ ಅಂದರು."

"ಹಾಗಾದರೆ ಇಷ್ಟು ದಿನ ಆ ಹೆಬ್ಬೆರಳು ಎಲ್ಲಿ ಹೋಗಿತ್ತು? ಮೊದಲೇ ಕೊಡ್ಲಿಕ್ಕೆ ಏನಾಗಿತ್ತು ನಿನಗೆ?" ಎಂದು ಅವನು ರೇಗಿದ. ಇಬ್ಬರೂ ನಗತೊಡಗಿದರು. ಅವನಿಗೆ ಬೇರೆ ರೀತಿಯಲ್ಲಿ ಮಾತಾಡಲು ಬರುತ್ತಿರಲಿಲ್ಲ. ಹೊರಗೆ ಅಬ್ದುಲ್ಲ ಕುರ್ಚಿಯಿಂದಲೇ ಅಲ್ಹಮ್ದುಲಿಲ್ಲಾಹ್ ಎಂದರು.

ಆಗ ಟೈರ್ ಅಂಗಡಿಯ ತಿರುವಿನಿಂದ ಹಾರ್ನ್ ಕೇಳಿತು. ಉದ್ದದ ಹಾರ್ನ್, ನಿಲ್ಲಿಸದ ಹಾರ್ನ್. ಮೂವರ ಮೈಯೂ ಒಂದೇ ಸಲ ಕದಲಿತು. ಝುಲೈಖಾ ಒಳಕೋಣೆಯ ಪರದೆ ಎತ್ತಿದಳು, ಹಂಝನ ಕಾಲು ಬಾಗಿಲಿನತ್ತ ಹೋಯಿತು, ಫಿಲೊಮಿನಾ ಪರದೆಯ ಕಡೆಗೆ ಎರಡು ಹೆಜ್ಜೆ ಇಟ್ಟು ನಿಂತಳು. ಕೌಂಟರಿನ ಮೇಲಿನ ಕಾರ್ಡನ್ನು ನೋಡಿದಳು. ಆಮೇಲೆ ಹಂಝನ ಭುಜಕ್ಕೆ ಕೈ ಇಟ್ಟು, "ನೀವು ಕೂತ್ಕೊಳ್ಳಿ ಕಾಕ, ನಾನು ಹೋಗ್ತೇನೆ" ಎಂದಳು. ಫ್ರಿಜ್ಜಿನಿಂದ ಎರಡು ಲಬಾನ್ ತೆಗೆದಳು. ಕೇಳುವುದೇನಿತ್ತು, ವರ್ಷವಿಡೀ ಒಳಕೋಣೆಯಲ್ಲಿ ಕೂತು ಕೇಳಿದ್ದಾಳೆ. ಚಪ್ಪಲಿ ಮೆಟ್ಟಿ ಹೊರಗೆ ಹೋದಳು.

ಹಂಝ ಕೆರೆದ ಗಾಜಿನ ಪಕ್ಕದಲ್ಲಿ ನಿಂತು ಕಿಟಕಿಯಿಂದ ನೋಡಿದ. ವ್ಯಾನಿನ ಗಾಜು ಇಳಿಯಿತು. ಕೊಂಕಣಿಯಲ್ಲಿ ಅವಳು ಏನೋ ಹೇಳಿದಳು, ಹೆಚ್ಚೇನಲ್ಲ, ಒಂದು ಸಾಲು. ಎಂಜಿನ್ ನಿಂತಿತು. ಬಾಗಿಲು ತೆರೆಯಿತು, ರಾಬರ್ಟ್ ಇಳಿದ. ಇಷ್ಟು ವರ್ಷದಲ್ಲಿ ಅವನ ಕಾಲನ್ನು ಹಂಝ ನೋಡಿದ್ದು ಇದೇ ಮೊದಲು. ಸ್ವಲ್ಪ ಕುಂಟುತ್ತಿದ್ದ. ಅಬ್ದುಲ್ಲರ ಕುರ್ಚಿಯನ್ನು ಸುತ್ತು ಹಾಕಿ ಒಳಗೆ ಬಂದು ನಿಂತವನಿಗೆ ಅಂಗಡಿಯಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ.

"ಕಾರ್ಡು ಬಂದಿದೆ" ಎಂದ ಹಂಝ. ಅವನ ಸ್ವರ ಏರಿತು. "ಕಾಯ್ದೆ ಪ್ರಕಾರ. ಈಗ ಯಾರಿಗೆ ಬೇಕಾದರೂ ಫೋನ್ ಮಾಡಿ ಪೊರ್ಬುಗಳೇ. ಇಲ್ಲೇ ಇದ್ದಳು. ನಿಮ್ಮ ಹಾರ್ನಿನ ಕೆಳಗೇ ಇದ್ದಳು. ನೀವು ಇಳಿದು ಬಾರದ ಸೊಕ್ಕು ಬಿಟ್ಟಿದ್ದರೆ ಅವತ್ತೇ ಸಿಗುತ್ತಿದ್ದಳು."

"ಗೊತ್ತಿತ್ತು ಹಂಝಾಕ."

"ಏನು ಗೊತ್ತಿತ್ತು?"

"ಚಪ್ಪಲಿ." ರಾಬರ್ಟ್ ಹೊಸ್ತಿಲ ಕಡೆ ಕೈ ತೋರಿಸಿದ. "ನೀಲಿಯದ್ದು. ನಮ್ಮ ಲಾಂಡ್ರಿಯಲ್ಲಿ ಹೆಂಗಸರಿಗೆ ನಾನೇ ತಂದು ಕೊಡುವುದು, ಒಂದೇ ಥರದ್ದು. ಪೇಪರಿನ ತುಂಡು 'ಹಾಕಿಡಿ' ಅಂತ ಕೊಟ್ಟ ದಿನ ನಿಮ್ಮ ಮೆಟ್ಟಿಲಲ್ಲಿ ಇತ್ತು. ಜೋಡಿಯಾಗಿ, ಊರಿನ ಹಾಗೆ." ಅವನು ಲಬಾನಿನ ಪೊಟ್ಟಣಗಳನ್ನು ಕೌಂಟರಿನ ಮೇಲಿಟ್ಟ. "ಅರಬಾಬ್ ದಿನಾ ಕೇಳುತ್ತಿದ್ದರು, ಹುಡುಕಿದಿಯಾ, ಎಲ್ಲ ಅಂಗಡಿ ನೋಡಿದಿಯಾ ಅಂತ. ನನ್ನ ಪಾಸ್‌ಪೋರ್ಟೂ ಅವರ ಡ್ರಾಯರಿನಲ್ಲೇ ಉಂಟು. ಹೋಗಿದ್ದೆ ಅನ್ನಲಿಕ್ಕೆ ಬರಬೇಕು. ಇಳಿದರೆ ನೋಡಬೇಕು, ನೋಡಿದರೆ ಹೇಳಬೇಕು. ಅದಕ್ಕೆ ಇಳಿಯಲಿಲ್ಲ."

ಹಂಝನಿಗೆ ತಿರುವು ನೆನಪಾಯಿತು. ಬಸ್ಸಿನವನ ಹಾಗೆ ಅಲ್ಲಿಂದಲೇ ಹೊಡೆಯುತ್ತಿದ್ದ ಆ ಹಾರ್ನ್. ಅದು ಬದಲಾದದ್ದು ಆ ಕಾಗದದ ತುಂಡು ಕೊಟ್ಟ ದಿನದ ಮೇಲೆ ಎಂಬುದು ನೆನಪಾಯಿತು. ಆ ಸದ್ದಿಗೆ ತಾನು ಬಯ್ದ ಬೈಗುಳಗಳೆಲ್ಲ ಒಂದೊಂದಾಗಿ ತಿರುಗಿ ಬಂದು ಅವನ ಕಿವಿಯಲ್ಲೇ ಕೂತವು.

ಫಿಲೊಮಿನಾ ಬಾಗಿಲಲ್ಲಿ ನಿಂತಿದ್ದಳು. "ಬೀಗ?" ಎಂದಳು. ಅವಳ ಸ್ವರದಲ್ಲಿ ಕ್ಷಮೆ ಇರಲಿಲ್ಲ.

"ಬೀಗ ಕಳೆದುಹೋಗಿದೆ" ಎಂದ ರಾಬರ್ಟ್, ನೆಲ ನೋಡುತ್ತ. "ನೀನು ಹೋದ ವಾರವೇ."

"ಎಲ್ಲಿ ಕಳೆದುಹೋಯ್ತು?"

"ಟುಬ್ಲಿಯ ಸಮುದ್ರದಲ್ಲಿ. ಹೊಸತು ತರ್ತೇನೆ ಅಂತ ಅರಬಾಬಿಗೆ ಹೇಳಿದ್ದೇನೆ. ಅಂಗಡಿಯಲ್ಲಿ ಸಿಗುತ್ತಾ ಇಲ್ಲ."

ಝುಲೈಖಾ ಮೊದಲು ನಕ್ಕಳು, ಬಾಯಿಗೆ ಸೆರಗು ಒತ್ತಿಕೊಂಡು. ಫಿಲೊಮಿನಾ ನಗಲಿಲ್ಲ, ಆದರೆ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ರಾಬರ್ಟನಿಗೆ ಏನಾದರೂ ಹೇಳಬೇಕು ಎನ್ನಿಸಿತು ಹಂಝನಿಗೆ. ಅದಕ್ಕೆ ಒಂದು ಮಾತು ಇರಬೇಕು. ಊರಿನಲ್ಲಿ ಆ ಮಾತನ್ನು ಯಾರೂ ಯಾರಿಗೂ ಹೇಳಿದ್ದು ಅವನು ಕೇಳಿರಲಿಲ್ಲ, ಹೇಳುವ ಬದಲು ಮೀನಿನ ನಡುವಿನ ತುಂಡು ಹಾಕುತ್ತಾರೆ, ಕುರ್ಚಿ ಅಡ್ಡ ಇಡುತ್ತಾರೆ. "ಕಾಲಿಗೆ ಎಂತ ಆಯ್ತು?" ಎಂದು ಗದರಿದ. "ಹಳೇದು, ಸಂಧಿವಾತ" ಎಂದ ರಾಬರ್ಟ್. "ಹಾಗಿದ್ದರೆ ಹೇಳ್ಲಿಕ್ಕೇನು, ಬಾಯಿ ಇಲ್ಲವಾ" ಎಂದ ಹಂಝ. ರಾಬರ್ಟ್ ಕುಂಟುತ್ತ ಹೋಗಿ ವ್ಯಾನು ಹತ್ತಿದ, ಎಂಜಿನ್ ಶುರುವಾಯಿತು.

ಕೌಂಟರಿನ ಮೇಲೆ ಕಾರ್ಡಿನ ಪಕ್ಕದಲ್ಲಿ ಎರಡು ಲಬಾನ್ ಹಾಗೆಯೇ ಇದ್ದವು, ಮೈಮೇಲೆ ಬೆವರು ಮೂಡಿಸಿಕೊಂಡು. ಹಂಝ ಅವನ್ನು ಬಾಚಿಕೊಂಡ. ಹೊಸ್ತಿಲು ದಾಟಿದ, ಅಬ್ದುಲ್ಲರ ಕುರ್ಚಿ ದಾಟಿದ. ವ್ಯಾನು ಆಗಲೇ ಟೈರ್ ಅಂಗಡಿಯ ಹತ್ತಿರ ಹೋಗಿತ್ತು. ಹಿಂದಿನಿಂದ ಝುಲೈಖಾ, "ನಿಧಾನ, ಮಂಡಿ" ಎಂದು ಕೂಗಿದಳು. ಅವನು ತಿರುವಿನ ಕಡೆಗೆ ಓಡುತ್ತಿದ್ದ. ಎರಡು ಕೈಯಲ್ಲೂ ತಣ್ಣನೆಯ ಪೊಟ್ಟಣ, ಎದುರಿಗೆ ಬಿಸಿಲು. ಈ ಸಲ ಯಾರೂ ಹಾರ್ನ್ ಹೊಡೆದಿರಲಿಲ್ಲ.